ಬೀಗ ಬಿದ್ದ ಗಿರಣಿಯಲ್ಲಿ ಒಲೆ ಉರಿದೀತೇ?

ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ, ಅಲ್ಲಿಂದ ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಗೆ ಸಂಚರಿಸುವವರಿಗೆ ಒಂದು ನೋಟ ಅಪರಿಚಿತವಲ್ಲ. ರಸ್ತೆಯ ಬದಿಯಲ್ಲಿ ಎತ್ತರದ ಗೋಡೆ, ತುಕ್ಕು ಹಿಡಿದ ತಗಡಿನ ಚಾವಣಿ, ಮುಂದೆ ಬಿರುಕು ಬಿಟ್ಟ ಸಿಮೆಂಟಿನ ಕಣ, ಬಾಗಿಲಿಗೆ ಬೀಗ. ಒಂದು ಕಾಲದಲ್ಲಿ ಅದು ಅಕ್ಕಿ ಗಿರಣಿಯಾಗಿತ್ತು, ಇಲ್ಲವೇ ಆಲೆಮನೆಯಾಗಿತ್ತು. ಯಂತ್ರ ಹಳತಾಯಿತು, ಮಾಲೀಕರ ಮಕ್ಕಳು ಬೆಂಗಳೂರು ಸೇರಿದರು, ಕಟ್ಟಡ ಮಾತ್ರ ಉಳಿಯಿತು. ಅದೇ ಊರಿನ ಮನೆಗಳಲ್ಲಿ ಹೆಣ್ಣುಮಕ್ಕಳು ಹಪ್ಪಳ, ಸಂಡಿಗೆ, ರಾಗಿ ಹುರಿಹಿಟ್ಟು, ಚಟ್ನಿಪುಡಿಗಳನ್ನು ಇಕ್ಕಟ್ಟಾದ ಅಡಿಗೆಮನೆಯಲ್ಲೇ ತಯಾರಿಸಿ ಪರಿಚಿತರಿಗೆ ಮಾರುತ್ತಾರೆ. ಕಟ್ಟಡಕ್ಕೆ ಕೆಲಸವಿಲ್ಲ, ಅವರ ಕೆಲಸಕ್ಕೆ ಕಟ್ಟಡವಿಲ್ಲ. ಇವೆರಡನ್ನೂ ಒಂದುಗೂಡಿಸಲು ಸಾಧ್ಯವೇ ಎಂಬುದೇ ಈ ವಾರದ ನಮ್ಮ ಚಿಂತನೆಯ ವಿಷಯ.

ಪಾಲಹಳ್ಳಿಯ ಪಾಠ

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದೇನಲ್ಲ. ಶ್ರೀರಂಗಪಟ್ಟಣದ ಸಮೀಪದ ಪಾಲಹಳ್ಳಿಯಲ್ಲಿ 1847ರಲ್ಲಿ ಗ್ರೋವ್ಸ್ ಕಂಪನಿಯವರು ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿದರು. ಸುತ್ತಲಿನ ರೈತರು ಆಲೆಮನೆಗಳಲ್ಲಿ ತಯಾರಿಸಿದ ಬೆಲ್ಲವನ್ನು ಕೊಂಡು, ಅದನ್ನು ಶುದ್ಧೀಕರಿಸಿ ಸಕ್ಕರೆ ಮಾಡುವುದು ಅದರ ಕೆಲಸ. ಆ ಸಕ್ಕರೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಗಳಿಸಿತು. ನಮ್ಮ ಕಾವೇರಿ ತೀರದ ಸಿಹಿ ಹೀಗೆ ಜಗತ್ತಿನ ಮೆಚ್ಚುಗೆಗೆ ಪಾತ್ರವಾಯಿತು. ಆದರೆ ಪದಕ ಸೇರಿದ್ದು ಕಂಪನಿಯ ಕೈಗೆ. ಬೆಲ್ಲ ಕಾಯಿಸಿದವನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಮುಂದೆ ಕಾರ್ಖಾನೆ ನಿಂತುಹೋಯಿತು. ಆಲೆಮನೆಯ ಒಲೆ ಮಾತ್ರ ಅದರ ನಂತರವೂ ಉರಿಯುತ್ತಲೇ ಬಂದಿತು.

ದೊಡ್ಡ ಕಾರ್ಖಾನೆಗಳ ಏಳುಬೀಳುಗಳನ್ನು ನಾವೆಲ್ಲ ಕಂಡಿದ್ದೇವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದಲ್ಲಿ ಕೇಂದ್ರ ಸರ್ಕಾರದ ಅಧೀನದಲ್ಲಿದ್ದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಮುಚ್ಚಿಹೋಯಿತು. 1933ರಲ್ಲಿ ಆರಂಭವಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಕೆಲವು ವರ್ಷ ಸ್ತಬ್ಧವಾಗಿದ್ದು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ ಸರ್ಕಾರವು ನಲವತ್ತು ವರ್ಷಗಳ ಗುತ್ತಿಗೆಗೆ ನಿರಾಣಿ ಶುಗರ್ಸ್ ಸಂಸ್ಥೆಗೆ ವಹಿಸಿತು. ಕಬ್ಬು ಬೆಳೆದವರಿಗೆ ಇಂಥ ಕಾರ್ಖಾನೆಗಳು ಅತ್ಯಗತ್ಯ. ಅವು ನಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ನಾನಿಲ್ಲಿ ಹೇಳುತ್ತಿರುವುದು ಅವುಗಳ ವಿಷಯವನ್ನಲ್ಲ. ಮತ್ತೆ ಹಳೆಯ ಕೆಲಸಕ್ಕೆ ಬಾರದ, ಆದರೆ ಗೋಡೆ ಗಟ್ಟಿಯಾಗಿರುವ ಸಣ್ಣ ಗಿರಣಿ, ಗೋದಾಮು, ಆಲೆಮನೆಗಳ ವಿಷಯವನ್ನು.

ಮನೆಯ ಅಡಿಗೆಗೆ ಏನು ಕೊರತೆ?

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಉಣಿಸಿಗೆ ಬಡತನವಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆ ಬಯಲಿನಲ್ಲಿ ಭತ್ತ ಮತ್ತು ಕಬ್ಬು, ಕೃಷ್ಣರಾಜಪೇಟೆಯಲ್ಲಿ ತೆಂಗು, ನಾಗಮಂಗಲದ ಬೆದ್ದಲಿನಲ್ಲಿ ರಾಗಿ, ಹುರುಳಿ. ಮೇಲುಕೋಟೆಯ ಪುಳಿಯೋಗರೆಯ ರುಚಿಯನ್ನು ಬಲ್ಲದವರು ಯಾರು? ನೆರೆಯ ಮದ್ದೂರಿನ ರೈಲು ನಿಲ್ದಾಣದಲ್ಲಿ ಸುಮಾರು ನೂರು ವರ್ಷಗಳ ಹಿಂದೆ ಮಾರಾಟಕ್ಕೆ ಬಂದ ಒಂದು ವಡೆ ಇಂದು ಊರಿನ ಹೆಸರಿನಿಂದಲೇ ದೇಶವಿದೇಶಗಳಲ್ಲಿ ಪ್ರಸಿದ್ಧ. ಕೈಗುಣವಿದೆ, ಪದಾರ್ಥವಿದೆ. ಇಲ್ಲದಿರುವುದು ಬೇರೆಯೇ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಆಹಾರ ತಯಾರಿಸಿ ಮಾರುವವರು, ಎಷ್ಟೇ ಸಣ್ಣವರಾಗಲಿ, ನೋಂದಣಿ ಮಾಡಿಸಿಕೊಳ್ಳಬೇಕು. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ಒಳಗಿರುವ ಪದಾರ್ಥಗಳು, ತಯಾರಿಸಿದ ದಿನಾಂಕ ಇರಬೇಕು. ಶುದ್ಧ ನೀರು, ತೊಳೆಯಬಲ್ಲ ನೆಲ, ಸರಿಯಾದ ಚರಂಡಿ, ನೊಣ ಇಲಿಗಳಿಂದ ರಕ್ಷಣೆ ಇವೆಲ್ಲ ಬೇಕು. ಈ ನಿಯಮಗಳು ತಪ್ಪಲ್ಲ. ತಿನ್ನುವವನ ಆರೋಗ್ಯವೂ ನಮ್ಮ ಹೊಣೆಯೇ. ಆದರೆ ಎರಡು ಕೋಣೆಯ ಮನೆಯಲ್ಲಿ, ಮಕ್ಕಳು ಓದುವ ಜಾಗದಲ್ಲೇ ಹಪ್ಪಳ ಒತ್ತುವ ತಾಯಿ ಇದನ್ನೆಲ್ಲ ಒಬ್ಬಳೇ ಹೇಗೆ ಒದಗಿಸಿಯಾಳು? ಹೀಗಾಗಿ ದೊಡ್ಡ ಅಂಗಡಿಗಳ ಬಾಗಿಲು ಅವಳಿಗೆ ತೆರೆಯುವುದಿಲ್ಲ. ಹಿಂದೆ ಹೆದ್ದಾರಿಯ ಬದಿಯಲ್ಲಾದರೂ ಗಿರಾಕಿ ಸಿಗುತ್ತಿದ್ದ. 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ದಶಪಥವು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗಿಟ್ಟು ಹಾದುಹೋಗುತ್ತದೆ. ಹಳೆಯ ರಸ್ತೆಯ ವ್ಯಾಪಾರಕ್ಕೆ ಅದರಿಂದ ಪೆಟ್ಟು ಬಿದ್ದಿತು.

ಬೆಲ್ಲದ ಕಥೆಯೂ ಇಂಥದೇ. ಒಂದು ಟನ್ ಕಬ್ಬಿನಿಂದ ಸುಮಾರು ನೂರು ಕಿಲೋ ಬೆಲ್ಲ ಇಳಿಯುತ್ತದೆ. ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣದ ತಿಳಿ ಹಾಕಿ, ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆದು, ಕಬ್ಬಿನ ಸಿಪ್ಪೆಯನ್ನೇ ಉರಿಸಿ ಪಾಕ ಹದಗೊಳಿಸುವ ವಿದ್ಯೆ ನಮ್ಮವರದು. ಆದರೆ ಪೇಟೆಗೆ ಹೊಂಬಣ್ಣ ಬೇಕು. ಆದ್ದರಿಂದ ಹೈಡ್ರೋಸ್ ಎಂಬ ರಾಸಾಯನಿಕ ಕೊಪ್ಪರಿಗೆಗೆ ಬೀಳುತ್ತದೆ. ಕಂದು ಬಣ್ಣದ ಶುದ್ಧ ಬೆಲ್ಲ ಮಾಡಿದವನು ತನ್ನ ಬೆಲ್ಲ ಶುದ್ಧವೆಂದು ಪರೀಕ್ಷೆಯಿಂದ ತೋರಿಸಲಾರ. ಮಳೆಗಾಲದಲ್ಲಿ ನೀರೊಡೆಯದಂತೆ ಒಣ ಉಗ್ರಾಣದಲ್ಲಿ ಕಾಪಾಡಲಾರ. ಕೊಯ್ಲಿನ ಅವಸರದಲ್ಲಿ ಸಿಕ್ಕ ಬೆಲೆಗೆ ಮಾರಿ ಕೈತೊಳೆದುಕೊಳ್ಳುತ್ತಾನೆ.

ಒಂದೇ ಸೂರಿನಡಿ

ಹಳೆಯ ಅಕ್ಕಿ ಗಿರಣಿಯೊಂದನ್ನು ಗಮನವಿಟ್ಟು ನೋಡಿರಿ. ಮೂರು ಫೇಸಿನ ವಿದ್ಯುತ್ ಸಂಪರ್ಕ ಅಲ್ಲಿಗೆ ಒಮ್ಮೆ ಬಂದದ್ದೇ. ಲಾರಿ ತಿರುಗುವಷ್ಟು ಅಂಗಳವಿದೆ. ಎತ್ತರದ ಚಾವಣಿಯಿಂದ ಒಲೆಯ ಶಾಖ ಮೇಲೇರಿ ಹೋಗುತ್ತದೆ. ಭತ್ತ ಒಣಗಿಸಿದ ಕಣದಲ್ಲಿ ಸಂಡಿಗೆ, ಮೆಣಸಿನಕಾಯಿ, ಮೊಳಕೆ ರಾಗಿ ಒಣಗಬಲ್ಲವು. ಒಂದು ಭಾಗದಲ್ಲಿ ಹಿಟ್ಟಿನ ಯಂತ್ರ, ಒಂದು ಭಾಗದಲ್ಲಿ ದೊಡ್ಡ ಒಲೆಗಳು, ಮತ್ತೊಂದರಲ್ಲಿ ಪೊಟ್ಟಣ ಕಟ್ಟುವ ಕೋಣೆ, ತೇವ ಸೇರದ ಉಗ್ರಾಣ, ಮುಂಭಾಗದಲ್ಲಿ ಮಾರಾಟದ ಮಳಿಗೆ. ಹತ್ತು ಕುಟುಂಬಗಳು ಸರದಿಯಂತೆ ಬಳಸಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟರೆ, ಒಬ್ಬರಿಗೆ ಅಸಾಧ್ಯವಾದದ್ದು ಹತ್ತು ಮಂದಿಗೆ ಸಾಧ್ಯವಾಗುತ್ತದೆ. ಹಾಲಿನ ವಿಷಯದಲ್ಲಿ ಇದನ್ನು ನಾವು ಆಗಲೇ ಕಂಡಿದ್ದೇವೆ. ಎರಡು ಹಸುಗಳ ಒಡತಿ ಡೇರಿ ಕಟ್ಟಲಾರಳು. ಆದರೆ ಹಳ್ಳಿಹಳ್ಳಿಯ ಸಂಘಗಳು ಸೇರಿದ್ದರಿಂದ ಗೆಜ್ಜಲಗೆರೆಯಲ್ಲಿ ಹಾಲು ಒಕ್ಕೂಟದ ಡೇರಿ ಎದ್ದು ನಿಂತಿದೆ.

ಸರ್ಕಾರದ ನೆರವಿನ ದಾರಿಯೂ ಇಲ್ಲದಿಲ್ಲ. ಕೇಂದ್ರ ಸರ್ಕಾರವು 2020ರಲ್ಲಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಆರಂಭಿಸಿದ ಯೋಜನೆಯಲ್ಲಿ ಬ್ಯಾಂಕ್ ಸಾಲದೊಂದಿಗೆ ಶೇಕಡಾ 35ರಷ್ಟು ಸಹಾಯಧನವನ್ನು ಗೊತ್ತುಪಡಿಸಲಾಯಿತು. ಕರ್ನಾಟಕ ಸರ್ಕಾರ ಅದಕ್ಕೆ ಶೇಕಡಾ 15ನ್ನು ಸೇರಿಸಿತು. ಜಿಲ್ಲೆಗೊಂದು ಉತ್ಪನ್ನವೆಂಬ ಕ್ರಮದಲ್ಲಿ ಮಂಡ್ಯಕ್ಕೆ ಆರಿಸಿದ್ದು ಬೆಲ್ಲವನ್ನೇ. ಸ್ವಸಹಾಯ ಸಂಘಗಳು, ರೈತ ಉತ್ಪಾದಕರ ಕಂಪನಿಗಳು ಸಾಮೂಹಿಕ ಸೌಕರ್ಯ ಕಟ್ಟಿಕೊಳ್ಳುವುದಕ್ಕೂ ಅದರಲ್ಲಿ ಅವಕಾಶವಿತ್ತು. ಹಣಕ್ಕಿಂತ ಮುಂಚೆ ಬೇಕಾದದ್ದು ಒಂದುಗೂಡುವ ಮನಸ್ಸು. 1959ರಲ್ಲಿ ಮುಂಬಯಿಯ ಒಂದು ಮನೆಯ ಮಾಳಿಗೆಯ ಮೇಲೆ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ಪಡೆದು ಹಪ್ಪಳ ಒತ್ತತೊಡಗಿದರು. ಇಂದಿನ ಲಿಜ್ಜತ್ ಸಂಸ್ಥೆ ಹುಟ್ಟಿದ್ದು ಹಾಗೆ.

ಎಚ್ಚರದ ಮಾತು

ಹಾಗೆಂದು ಹಳೆಯ ಗೋಡೆಯೆಲ್ಲ ಹೊನ್ನೆಂದು ಭ್ರಮಿಸಬಾರದು. ಹಳೆಯ ಚಾವಣಿ ಕಲ್ನಾರಿನದಾದರೆ ಅದನ್ನು ತಿಳಿದವರ ಕೈಯಿಂದ ತೆಗೆಸಬೇಕು. ಅದರ ಎಳೆಗಳು ಶ್ವಾಸಕೋಶಕ್ಕೆ ಮೃತ್ಯು. ಎಂಜಿನ್ನಿನ ಎಣ್ಣೆ ಕುಡಿದ ನೆಲವನ್ನು ಅಗೆದು ಹೊಸದಾಗಿ ಹಾಕಬೇಕು. ಗೋಡೆ ತೊಲೆಗಳನ್ನು ಎಂಜಿನಿಯರ್ ಪರೀಕ್ಷಿಸಬೇಕು. ಎರಡು ಕಡೆ ಬಾಗಿಲಿರಬೇಕು. ಮುಂಬಯಿಯ ಕಮಲಾ ಮಿಲ್ಸ್ ಆವರಣದಲ್ಲಿ, ಬಟ್ಟೆ ಗಿರಣಿಯಿದ್ದ ಜಾಗ ಉಪಾಹಾರ ಮಂದಿರಗಳ ತಾಣವಾದಲ್ಲಿ, 2017ರ ಡಿಸೆಂಬರ್ 29ರಂದು ಬೆಂಕಿ ಬಿದ್ದು 14 ಮಂದಿ ಪ್ರಾಣ ಕಳೆದುಕೊಂಡರು. ಆ ಜೀವಗಳನ್ನು ಮರೆತು ಕಟ್ಟುವ ಯಾವುದೂ ಅಭಿವೃದ್ಧಿಯಲ್ಲ.

ಇನ್ನೊಂದು ಅಪಾಯ ಮೆಲ್ಲನೆ ಬರುವಂಥದು. ನ್ಯೂಯಾರ್ಕಿನಲ್ಲಿ ಒಂದು ಹಳೆಯ ಬಿಸ್ಕತ್ತು ಕಾರ್ಖಾನೆಯನ್ನು 1990ರ ದಶಕದಲ್ಲಿ ಚೆಲ್ಸಿ ಮಾರುಕಟ್ಟೆಯಾಗಿ ಪರಿವರ್ತಿಸಿದರು. ಬ್ರೆಡ್ಡು, ಮೀನು, ತರಕಾರಿಗಳ ವ್ಯಾಪಾರಿಗಳು ಅಲ್ಲಿ ನೆಲೆ ಕಂಡರು. ಕಟ್ಟಡ ಹೆಸರಾಯಿತು. 2018ರಲ್ಲಿ ಗೂಗಲ್ ಕಂಪನಿ ಅದನ್ನು ಸುಮಾರು 240 ಕೋಟಿ ಡಾಲರಿಗೆ ಕೊಂಡಿತು. ಅಡಿಗೆಯವರು ತಂದ ಹೆಸರಿನಿಂದಲೇ ನೆಲದ ಬೆಲೆ ಏರುತ್ತದೆ. ಏರಿದ ಲಾಭ ಸೇರುವುದು ನೆಲದ ಒಡೆಯನಿಗೆ. ಪಾಲಹಳ್ಳಿಯ ಪದಕದ ಕಥೆಯೇ ಇದು, ಬೇರೆ ವೇಷದಲ್ಲಿ. ಆದ್ದರಿಂದ ಗಿರಣಿಯ ಬೀಗ ತೆಗೆದರಷ್ಟೇ ಸಾಲದು, ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಕೇಳಬೇಕು. ದೀರ್ಘಾವಧಿಯ ನೋಂದಾಯಿತ ಗುತ್ತಿಗೆ, ಮೊದಲೇ ಬರೆದಿಟ್ಟ ಬಾಡಿಗೆಯ ಮಿತಿ, ದುಡಿಯುವವರದೇ ಆಡಳಿತ ಮಂಡಳಿ ಇವು ಇಲ್ಲದೆ ಮುಂದುವರಿಯುವುದು ಜಾಣತನವಲ್ಲ.

ನನ್ನದೊಂದು ತಪ್ಪೊಪ್ಪಿಗೆ

ಹಿಂದೆ ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದ ಸಮೀಪ ಬೀಗ ಹಾಕಿದ ಅಕ್ಕಿ ಗಿರಣಿಯಿತ್ತು. ತಪಸ್ಸುಕಾಲದ ಒಂದು ಸಂಜೆ ಆರು ಮಂದಿ ಹೆಂಗಸರು ಗುರುಮನೆಗೆ ಬಂದರು. ಇಬ್ಬರು ನಮ್ಮವರು, ಉಳಿದವರು ಹಿಂದೂ, ಮುಸ್ಲಿಂ ಮನೆಯವರು. ಗಿರಣಿಯನ್ನು ಬಾಡಿಗೆಗೆ ಕೊಡುವಂತೆ ಮಾಲೀಕರಲ್ಲಿ ಒಂದು ಮಾತು ಹೇಳಬೇಕೆಂದು ಅವರ ಕೋರಿಕೆ. ಪಾಸ್ಕ ಹಬ್ಬ ಕಳೆಯಲಿ ಎಂದೆ. ಹಬ್ಬ ಕಳೆಯಿತು, ಬಳಿಕ ಮೊದಲ ಪರಮಪ್ರಸಾದದ ಸಿದ್ಧತೆ, ಬಳಿಕ ಶಾಲೆಯ ಆರಂಭ. ಒಂದು ಬೆಳಿಗ್ಗೆ ಜೆಸಿಬಿ ಯಂತ್ರದ ಸದ್ದು ಕೇಳಿ ಹೊರಗೆ ಬಂದೆ. ಗಿರಣಿ ಮಾರಾಟವಾಗಿತ್ತು; ಗೋಡೆ ನೆಲ ಕಚ್ಚಿತ್ತು. ಅವರಲ್ಲಿ ಹಿರಿಯಾಕೆ ನನ್ನನ್ನು ದೂರಲಿಲ್ಲ. “ಹೋಗ್ಲಿ ಬಿಡಿ ಸ್ವಾಮಿ, ನಿಮ್ಗೂ ಕೆಲ್ಸ ಜಾಸ್ತಿ” ಎಂದಳು. ಆಕೆ ಆಮೇಲೆ ಪ್ರತಿದಿನ ನಸುಕಿನಲ್ಲೇ ಬಸ್ಸು ಹತ್ತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಬಾಗಿಲಲ್ಲಿ ನಿಂತು ಆಕೆ ಹೇಳಿದ ಆ ಮಾತು ಯಾವ ಬೈಗುಳಕ್ಕಿಂತಲೂ ಹೆಚ್ಚಾಗಿ ನನ್ನನ್ನು ಕಾಡಿದೆ.

ಗುರುವಿದ್ಯಾಮಂದಿರದಲ್ಲಿ ನಾವು ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ಕಂಠಪಾಠ ಮಾಡಿದ್ದೆವು. ಯಾವುದೇ ವಸ್ತುವಿಗೆ ಅದರ ದ್ರವ್ಯ, ಅದರ ರೂಪ, ಅದನ್ನು ಮಾಡಿದವನು, ಅದರ ಗುರಿ ಎಂಬ ನಾಲ್ಕು ಇರುತ್ತವೆ. ಬೀಗ ಬಿದ್ದ ಗಿರಣಿಯಲ್ಲಿ ಮೊದಲ ಮೂರೂ ಕಣ್ಣಿಗೆ ಕಾಣುತ್ತವೆ: ಇಟ್ಟಿಗೆಯಿದೆ, ಆಕಾರವಿದೆ, ಕಟ್ಟಿದವನ ಹೆಸರು ಬಾಗಿಲ ಮೇಲಿದೆ. ಇಲ್ಲದ್ದು ಗುರಿ ಮಾತ್ರ. ಗುರಿಯನ್ನು ಇಟ್ಟಿಗೆ ತಾನಾಗಿ ಕಂಡುಕೊಳ್ಳಲಾರದು, ಮನುಷ್ಯರು ಕೊಡಬೇಕು.

ಬಲಿಪೀಠದ ಮೇಲೆ ನಾವು ಇಡುವುದು ಗೋಧಿಯನ್ನಲ್ಲ, ದ್ರಾಕ್ಷಿಯನ್ನಲ್ಲ; ರೊಟ್ಟಿಯನ್ನು ಮತ್ತು ದ್ರಾಕ್ಷಾರಸವನ್ನು. ನೆಲದ ಫಲದ ಜೊತೆಗೆ ಬೀಸಿದ, ನಾದಿದ, ಸುಟ್ಟ ಕೈಗಳ ದುಡಿಮೆಯೂ ಅಲ್ಲಿ ಅರ್ಪಿತವಾಗುತ್ತದೆ. ಬೆಳೆಯನ್ನು ಆಹಾರವನ್ನಾಗಿ ಮಾಡುವ ಆ ಕೊನೆಯ ದುಡಿಮೆಯೇ ನಮ್ಮ ಹಳ್ಳಿಗಳಿಂದ ದೂರ ಸರಿಯುತ್ತಿದೆ. ಅದರೊಡನೆ ಅದರ ಆದಾಯವೂ, ನಮ್ಮ ಮಕ್ಕಳೂ. 2015ರಲ್ಲಿ ಪೋಪ್ ಫ್ರಾನ್ಸಿಸರು ಹೊರಡಿಸಿದ ‘ಲೌದಾತೋ ಸಿ’ ವಿಶ್ವಪತ್ರ ಸಣ್ಣ ಉತ್ಪಾದಕರ ಪರವಾಗಿ ನಿಂತದ್ದು ಈ ಕಾರಣದಿಂದಲೇ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಬಹಳ ಕಾಲ ಪಾಲಿಸಿದೆವು. ಮುಂದಿನ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋಗುವಾಗ ನಿಮ್ಮ ಊರಿನ ಬೀಗ ಬಿದ್ದ ಕಟ್ಟಡಗಳನ್ನು ಎಣಿಸಿರಿ. ಅವುಗಳ ಒಡೆಯರು ಯಾರು, ಎಲ್ಲಿದ್ದಾರೆ ಎಂದು ಬರೆದುಕೊಳ್ಳಿರಿ. ನೆರೆಹೊರೆಯಲ್ಲಿ ಯಾರ ಕೈ ಯಾವ ಅಡಿಗೆಗೆ ಹೆಸರುವಾಸಿಯೆಂದು, ಮತಭೇದವಿಲ್ಲದೆ, ಅದರ ಪಕ್ಕದಲ್ಲೇ ಬರೆಯಿರಿ. ಆ ಚೀಟಿಯನ್ನು ನಿಮ್ಮ ಗುರುಗಳ ಕೈಗೆ ಕೊಡಿರಿ. ಹಬ್ಬ ಕಳೆಯಲಿ ಎಂದು ಅವರು ಹೇಳಿದರೆ, ದಯವಿಟ್ಟು ಒಪ್ಪಬೇಡಿರಿ.