ನುಡಿಯ ತಂತ್ರವಿದ್ಯೆಯಲ್ಲಿ ಸಂಶೋಧನವೇತನಕ್ಕೆ ಅರ್ಜಿ ಬರೆಯುವ ಕ್ರಮ

ಮನುಷ್ಯನ ಮಾತನ್ನು ಕೇಳಿ ಬರಹಕ್ಕಿಳಿಸುವುದು, ಬರಹವನ್ನು ಓದಿ ನುಡಿಯುವುದು, ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ತಿರುಗಿಸುವುದು ಎಂಬೀ ಕಾರ್ಯಗಳನ್ನು ಯಂತ್ರದಿಂದ ಮಾಡಿಸುವ ಶಾಸ್ತ್ರವನ್ನು ನುಡಿಯ ತಂತ್ರವಿದ್ಯೆಯೆಂದು ಕರೆಯಬಹುದು. ಇದರಲ್ಲಿ ಡಾಕ್ಟರ್ ಪದವಿಗಾಗಿ ವ್ಯಾಸಂಗ ಮಾಡಲಿಚ್ಛಿಸುವ ಕನ್ನಡ ವಿದ್ಯಾರ್ಥಿಯು ವೇತನವನ್ನು ಯಾವ ಮಾರ್ಗದಿಂದ ಪಡೆಯಬಹುದು, ಅರ್ಜಿಯಲ್ಲಿ ಏನನ್ನು ನಿರೂಪಿಸಬೇಕು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ಬೆಂಗಳೂರಿನ ದಕ್ಷಿಣದಂಚಿನ ಅಂಜನಾಪುರವನ್ನು ತೆಗೆದುಕೊಳ್ಳೋಣ. ಅದು ಹಳೆಯ ಹಳ್ಳಿಗಳ ನುಡಿಯೂ ಹೊಸ ಬಡಾವಣೆಗೆ ಬಂದು ನೆಲಸಿದವರ ನುಡಿಯೂ ಒಂದೇ ಬೀದಿಯಲ್ಲಿ ಕೇಳಿಬರುವ ಊರು. 2021ರ ಜನವರಿಯಲ್ಲಿ ಮೆಟ್ರೋ ರೈಲಿನ ಹಸಿರು ಮಾರ್ಗವು ಆ ಕಡೆಯ ರೇಷ್ಮೆ ಸಂಸ್ಥೆ ನಿಲ್ದಾಣದ ವರೆಗೆ ವಿಸ್ತರಿಸಿದ ಮೇಲೆ, ಅಲ್ಲಿಂದ ಹೊರಟವರು ಬಂಡಿ ಬದಲಿಸದೆ ಸ್ಯಾಂಡಲ್ ಸೋಪ್ ಕಾರ್ಖಾನೆಯ ನಿಲ್ದಾಣದಲ್ಲಿಳಿದು ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಬಹುದಾಗಿದೆ.

ಈ ಶಾಸ್ತ್ರವು ನಮ್ಮ ನಗರಕ್ಕೆ ಹೊಸತೇನೂ ಅಲ್ಲ. 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ಬಿ. ಎಸ್. ರಾಮಕೃಷ್ಣ ಅವರು ಧ್ವನಿಶಾಸ್ತ್ರದ ಸಂಶೋಧನೆಗೆ ಅಡಿಗಲ್ಲಿಟ್ಟರು. ಭಾರತೀಯ ಭಾಷೆಗಳ ಸಾಪೇಕ್ಷ ಸಾಮರ್ಥ್ಯವನ್ನು ಕುರಿತು ಅವರೂ ಅವರ ಸಂಗಡಿಗರೂ ಬರೆದ ಗ್ರಂಥವನ್ನು ಸಂಸ್ಥೆಯು 1962ರಲ್ಲಿ ಪ್ರಕಟಿಸಿತು. ಆ ಗ್ರಂಥಕರ್ತರಲ್ಲೊಬ್ಬರಾದ ಬಿಷ್ಣು ಅಟಲ್ ಅವರು 1957ರಿಂದ 1960ರ ವರೆಗೆ ಅಲ್ಲಿ ಉಪನ್ಯಾಸಕರಾಗಿದ್ದು, ಬಳಿಕ ಅಮೆರಿಕದ ಬೆಲ್ ಪ್ರಯೋಗಶಾಲೆಯನ್ನು ಸೇರಿ, ಮಾತನ್ನು ಕೆಲವೇ ಅಂಕೆಗಳಲ್ಲಿ ಅಡಗಿಸಿ ದೂರವಾಣಿಯಲ್ಲಿ ಸಾಗಿಸುವ ವಿಧಾನದಿಂದ ಪ್ರಖ್ಯಾತರಾದರು. ಬಿ. ಯಜ್ಞನಾರಾಯಣ ಅವರು 1974ರಲ್ಲಿ ಡಾಕ್ಟರ್ ಪದವಿ ಪಡೆದುದೂ ಇಲ್ಲಿಯೇ.

ಈಗ ವೇತನದ ವಿಚಾರ. ಪ್ರವೇಶವು ಬೇರೆ, ವೇತನವು ಬೇರೆ. ಇವೆರಡನ್ನೂ ಒಂದೆಂದೆಣಿಸಿ ಮೋಸಹೋಗುವವರು ವಿರಳರಲ್ಲ. 2024ರ ಜೂನ್ ತಿಂಗಳ ಪರೀಕ್ಷೆಯಿಂದ ಯು.ಜಿ.ಸಿ. ನೆಟ್‌ನಲ್ಲಿ ತೇರ್ಗಡೆಯಾದವರನ್ನು ಮೂರು ವರ್ಗಗಳಾಗಿ ವಿಂಗಡಿಸುವ ಪದ್ಧತಿ ಬಂದಿದೆ. ಮೊದಲ ವರ್ಗದವರು ಕಿರಿಯ ಸಂಶೋಧನವೇತನಕ್ಕೆ, ಅಂದರೆ ಜೆ.ಆರ್.ಎಫ್.ಗೆ, ಅರ್ಹರು. ಎರಡನೆಯವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್.ಡಿ. ಪ್ರವೇಶಕ್ಕೂ, ಮೂರನೆಯವರು ಪ್ರವೇಶಕ್ಕೆ ಮಾತ್ರವೂ ಅರ್ಹರು. ಕಡೆಯ ಎರಡು ವರ್ಗದವರಿಗೆ ಆ ಪರೀಕ್ಷೆಯ ಬಲದಿಂದ ಒಂದು ರೂಪಾಯಿಯೂ ದೊರೆಯದು. ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿಯೂ, ಕೆಲಸವು ತೃಪ್ತಿಕರವೆಂದು ಕಂಡುಬಂದರೆ ಮುಂದಿನ ಮೂರು ವರ್ಷ 42,000 ರೂಪಾಯಿಯೂ ನಿಗದಿಯಾಗಿರುವುವು. 2022ರ ನಿಯಮಾವಳಿಯು ಪಿಎಚ್.ಡಿ.ಗೆ ಕನಿಷ್ಠ ಮೂರು, ಸಾಮಾನ್ಯವಾಗಿ ಗರಿಷ್ಠ ಆರು ವರ್ಷಗಳ ಅವಧಿಯನ್ನು ವಿಧಿಸಿದೆ. ವೇತನವು ಐದು ವರ್ಷಕ್ಕೆ ಮುಗಿಯುವುದು, ಅವಧಿಯು ಆರಕ್ಕೆ. ಮನೆಯ ಭಾರವನ್ನು ಹೊತ್ತ ವಿದ್ಯಾರ್ಥಿಯು ತನ್ನ ಕಾರ್ಯವನ್ನು ಐದರೊಳಗೆ ಮುಗಿಯುವಂತೆಯೇ ಯೋಜಿಸತಕ್ಕದ್ದು.

ವಿಜ್ಞಾನ ಸಂಸ್ಥೆಯಂಥ ಕಡೆಗಳಲ್ಲಿ ಇಂಜಿನಿಯರಿಂಗ್ ವಿಭಾಗಗಳಿಗೆ ಗೇಟ್ ಪರೀಕ್ಷೆಯು ಹೆಬ್ಬಾಗಿಲು. ಅದರಲ್ಲಿ 2021ರಿಂದ ಭಾಷಾಶಾಸ್ತ್ರವನ್ನೊಳಗೊಂಡ ಮಾನವಿಕ ಪತ್ರಿಕೆಯೂ, 2024ರಿಂದ ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆಯೂ ಸೇರಿರುವುವು. ಯಾವ ಪತ್ರಿಕೆಯನ್ನು ಯಾವ ವಿಭಾಗವು ಒಪ್ಪುವುದೆಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು. ಮಾತಿನ ದೋಷಗಳ ಕಡೆಗೆ ಒಲವುಳ್ಳವರಿಗೆ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇರುವುದು. ಹೊರದೇಶಗಳಲ್ಲಿ, ಉದಾಹರಣೆಗೆ ಇಂಗ್ಲೆಂಡಿನ ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ, 2019ರಲ್ಲಿ ಇದೇ ಶಾಸ್ತ್ರಕ್ಕೆಂದು ವೇತನಸಹಿತವಾದ ಶಿಕ್ಷಣಕೇಂದ್ರವು ಆರಂಭವಾಯಿತು. ಅಂಥ ಕಡೆಗೆ ಅರ್ಜಿ ಕಳುಹಿಸುವವರು ವೇತನವು ಜೀವನಕ್ಕೆ ಮಾತ್ರವೋ, ಪರದೇಶೀಯರ ಶುಲ್ಕವನ್ನೂ ಭರಿಸುವುದೋ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಪರೀಕ್ಷೆಯು ಬಾಗಿಲನ್ನು ತೆರೆಯುವುದು. ಒಳಕ್ಕೆ ಕರೆದೊಯ್ಯುವುದು ಪ್ರಶ್ನೆ. “ಕನ್ನಡದ ಮಾತನ್ನು ಯಂತ್ರಕ್ಕೆ ಕಲಿಸುವೆನು” ಎಂದು ಬರೆದರೆ ಅದು ಆಸೆಯೇ ಹೊರತು ಪ್ರಶ್ನೆಯಲ್ಲ. ನಾವು ‘ಬರುತ್ತದೆ’ ಎಂದು ಬರೆಯುವುದು ಬೆಂಗಳೂರಿನ ಬಾಯಲ್ಲಿ ‘ಬರತ್ತೆ’, ಧಾರವಾಡದ ಕಡೆ ‘ಬರ್ತೈತಿ’ ಆಗುವುದು. ಹಳೆಯ ಮೈಸೂರು ಸೀಮೆಯ ಅನೇಕರ ನಾಲಗೆಯಲ್ಲಿ ಹಕಾರವು ಬಿದ್ದುಹೋಗಿ ಹಾಲು ‘ಆಲು’ ಆಗುವುದು, ಹೋಗುತ್ತೇನೆ ಎಂಬುದು ‘ಓಗ್ತೀನಿ’ ಆಗುವುದು. ಈಗ ಪ್ರಶ್ನೆಯನ್ನು ಹೀಗೆ ಇಡಬಹುದು: ಶಿಷ್ಟರೂಪದ ಮಾತಿನಿಂದ ಕಲಿತ ಯಂತ್ರವು ಹಕಾರಲೋಪವುಳ್ಳ ಮಾತನ್ನು ಕೇಳುವಾಗ ಅದರ ತಪ್ಪು ಎಷ್ಟು ಹೆಚ್ಚುವುದು? ಅದನ್ನು ತಗ್ಗಿಸಲು ಅಂಥ ಮಾತಿನ ಎಷ್ಟು ಗಂಟೆಯ ಧ್ವನಿಮುದ್ರಣ ಸಾಲುವುದು? ಇದಕ್ಕೆ ಎಲ್ಲೆಯಿದೆ, ಅಳತೆಯಿದೆ, ಐದು ವರ್ಷದೊಳಗೆ ಉತ್ತರವೂ ಸಾಧ್ಯ.

ಅಳತೆಯ ವಿಷಯದಲ್ಲಿಯೂ ಅರ್ಜಿದಾರನ ವಿವೇಕವು ವ್ಯಕ್ತವಾಗಬೇಕು. ಯಂತ್ರವು ಬದಲಿಸಿದ, ಬಿಟ್ಟ, ಹೆಚ್ಚಾಗಿ ಸೇರಿಸಿದ ಪದಗಳನ್ನು ಕೂಡಿಸಿ, ಮೂಲದ ಒಟ್ಟು ಪದಗಳಿಂದ ಭಾಗಿಸಿದರೆ ಪದದೋಷದ ಪ್ರಮಾಣವು ದೊರೆಯುವುದು. ಹತ್ತು ಪದಗಳಲ್ಲಿ ಒಂದನ್ನು ಬದಲಿಸಿ ಒಂದನ್ನು ಬಿಟ್ಟರೆ ದೋಷವು ಶೇಕಡ 20. ಆದರೆ ಕನ್ನಡದಲ್ಲಿ ಪದಗಳು ಬೆಸೆದುಕೊಳ್ಳುವುವು. ಮೂಲದಲ್ಲಿ ‘ಊರಿಗೆ ಹೋದ’ ಎಂದು ಬಿಡಿಸಿ ಬರೆದಿದ್ದು, ಯಂತ್ರವು ಎರಡನ್ನೂ ಕೂಡಿಸಿ ಬರೆದರೆ, ಕೇಳಿದುದು ಸರಿಯಾಗಿದ್ದರೂ ಎರಡು ತಪ್ಪುಗಳೆಂದು ಲೆಕ್ಕಕ್ಕೆ ಬರುವುದು. ಆದುದರಿಂದ ಅಕ್ಷರದೋಷವನ್ನೂ ಜೊತೆಯಲ್ಲಿ ಎಣಿಸುವುದು ಯುಕ್ತ. ಈ ಸೂಕ್ಷ್ಮವನ್ನು ನಾಲ್ಕು ಸಾಲಿನಲ್ಲಿ ತಿಳಿಸಿದ ಅರ್ಜಿಯು ನಾಲ್ಕು ಪುಟದ ಸ್ವಪ್ರಶಂಸೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಮೂರನೆಯದು ಸಾಮಗ್ರಿ. ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ದೇಶದ ಜಿಲ್ಲೆಜಿಲ್ಲೆಗಳ ಮಾತನ್ನು ಸಂಗ್ರಹಿಸುವ ‘ವಾಣಿ’ ಎಂಬ ಯೋಜನೆಯು ಇರುವುದು. ಈಗಾಗಲೇ ಇರುವ ಇಂಥ ಸಂಗ್ರಹಗಳಲ್ಲಿ ಯಾವುದು ತನ್ನ ಪ್ರಶ್ನೆಗೆ ಒದಗುವುದು, ಯಾವುದರ ಕೊರತೆಯಿದೆ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟಪಡಿಸಬೇಕು. ಹೊಸದಾಗಿ ಧ್ವನಿಮುದ್ರಣ ಮಾಡುವುದಾದರೆ ಹೇಳುವವರ ಅನುಮತಿಯನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಪಡೆಯುವ ಕ್ರಮವನ್ನೂ ಬರೆಯಬೇಕು. ದನಿಯಿಂದಲೇ ಮನುಷ್ಯನ ಗುರುತು ಹತ್ತುವುದಷ್ಟೆ.

ಮಾರ್ಗದರ್ಶಕರಿಗೆ ಬರೆಯುವ ಪತ್ರವು ಒಂದು ಪುಟವನ್ನು ಮೀರಬಾರದು. ಅವರ ಒಂದು ಲೇಖನವನ್ನು ನಿಜವಾಗಿ ಓದಿ, ಅದರಿಂದ ತನಗೆ ಹುಟ್ಟಿದ ಸಂದೇಹವೊಂದನ್ನು ಕೇಳಿದರೆ ಉತ್ತರ ಬರುವ ಸಂಭವ ಹೆಚ್ಚು. ಸಂದರ್ಶನದಲ್ಲಿ ಸಂಭಾವ್ಯತಾಗಣಿತ, ರೇಖೀಯ ಬೀಜಗಣಿತ, ಧ್ವನಿತರಂಗಗಳ ವಿಶ್ಲೇಷಣೆ ಇವುಗಳ ಮೂಲತತ್ತ್ವಗಳನ್ನು ಪರೀಕ್ಷಿಸುವ ಸಂಭವವುಂಟು. ಭಾಷಾಭಿಮಾನವು ಗಣಿತಕ್ಕೆ ಪ್ರತಿನಿಧಿಯಾಗಲಾರದು. ಗೇಟ್ ಪರೀಕ್ಷೆಯು ಫೆಬ್ರುವರಿಯಲ್ಲಿ ನಡೆಯುವುದು, ಸಂಸ್ಥೆಯ ಮುಖ್ಯ ತರಗತಿಗಳು ಆಗಸ್ಟಿನಲ್ಲಿ ತೊಡಗುವುವು. ಆದಕಾರಣ ಸಿದ್ಧತೆಗೆ ಒಂದು ವರ್ಷವಾದರೂ ಬೇಕು.

ಇದರಿಂದ ಒಬ್ಬ ವಿದ್ಯಾರ್ಥಿಗೆ ಜೀವನೋಪಾಯವಾಗುವುದೆಂಬಷ್ಟಕ್ಕೇ ವಿಷಯವು ಮುಗಿಯದು. ಸರಕಾರದ ಸೇವೆಗಳು ಮಾತನಾಡುವ ಯಂತ್ರದ ಮೂಲಕ ನಡೆಯತೊಡಗಿದರೆ, ‘ಆಲು’ ಎನ್ನುವ ವೃದ್ಧೆಯ ಮಾತು ಯಂತ್ರಕ್ಕೆ ತಿಳಿಯದಿದ್ದಲ್ಲಿ, ಕೊರತೆಯು ಯಂತ್ರದ್ದು, ನಷ್ಟವು ಆಕೆಯದು. ಆ ಕೊರತೆಯನ್ನು ಮೊದಲು ಗುರುತಿಸಬಲ್ಲ ಕಿವಿಯು ಆಕೆಯ ನೆರೆಯಲ್ಲಿ ಬೆಳೆದವರದು. ಆ ಕಿವಿಗೆ ಗಣಿತದ ಶಿಕ್ಷಣವೂ ಐದು ವರ್ಷದ ಅನ್ನವೂ ದೊರೆಯುವಂತೆ ಮಾಡುವುದೇ ಈ ವೇತನಗಳ ಸಾರ್ಥಕ್ಯ.