ಬಡವರಿಗೆಂದು ಕಟ್ಟಿದ ವೈಟ್‌ಫೀಲ್ಡ್

ವೈಟ್‌ಫೀಲ್ಡಿನ ಮುಖ್ಯರಸ್ತೆಯ ಗದ್ದಲ ಬಿಟ್ಟು ಸ್ವಲ್ಪ ಒಳಗೆ ಹೋದರೆ ಇನ್ನರ್ ಸರ್ಕಲ್ ಸಿಗುತ್ತದೆ. ರಸ್ತೆ ಇಲ್ಲಿ ಬಳೆಯ ಹಾಗೆ ದುಂಡಗೆ ಸುತ್ತಿಕೊಂಡಿದೆ. ಬೆರಳೆಣಿಕೆಯಷ್ಟು ಹಳೇ ಮನೆಗಳು ಉಳಿದಿವೆ. ಹೆಂಚಿನ ಮಾಡು, ಅಗಲ ಜಗಲಿ, ಗಾರೆ ಉದುರಿದ ಕಾಂಪೌಂಡು. ಉಳಿದದ್ದೆಲ್ಲ ಅಪಾರ್ಟ್‌ಮೆಂಟು. ಒಂದು ಬೆಳಿಗ್ಗೆ ಅಲ್ಲಿ ಸುತ್ತು ಹಾಕುತ್ತಿದ್ದಾಗ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಕಾವಲುಗಾರನೊಬ್ಬ ಮಾತಿಗೆಳೆದ. ರಾಯಚೂರು ಕಡೆಯ ಹುಡುಗ. ‘ಈ ರೋಡ್ ಯಾಕ್ರೀ ಸರ್ ಹಿಂಗ ಗುಂಡಗದ?’ ಎಂದು ಕೇಳಿದ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ 1882ಕ್ಕೆ ಹೋಗಿ ನಿಲ್ಲಬೇಕಾಗುತ್ತದೆ. ಈ ದುಂಡು ರಸ್ತೆ ಒಂದು ಹಳ್ಳಿಯ ನಕ್ಷೆ. ಕೆಲಸವಿಲ್ಲದ, ಬಡತನಕ್ಕೆ ಬಿದ್ದ ಕುಟುಂಬಗಳು ಮಧ್ಯದ ಬಯಲಿನ ಸುತ್ತ ಮನೆ ಕಟ್ಟಿಕೊಂಡು, ಆಚೆಯ ಹೊಲಗಳಲ್ಲಿ ದುಡಿದು ಉಣ್ಣಲಿ ಎಂದು ಎಳೆದ ನಕ್ಷೆ. ಕೋಟಿಗಳಲ್ಲಿ ಮಾತಾಡುವ ಇಂದಿನ ವೈಟ್‌ಫೀಲ್ಡ್ ಹುಟ್ಟಿದ್ದು ಬಡವರಿಗಾಗಿ!

ಆ ನಕ್ಷೆಯ ಹಿಂದಿನ ಕನಸು ಡೇವಿಡ್ ಇಮ್ಯಾನ್ಯುಯಲ್ ಸ್ಟಾರ್ಕನ್‌ಬರ್ಗ್ ವೈಟ್ ಅವರದು. ಮದ್ರಾಸಿನವರು. ಅಲ್ಲಿನ ಸರ್ಕಾರಿ ನೌಕರಿಯಲ್ಲಿದ್ದವರು. ಆಗ ಯುರೇಷಿಯನ್ನರು ಎಂದು ಕರೆಸಿಕೊಳ್ಳುತ್ತಿದ್ದ, ಯುರೋಪಿನ ತಂದೆ ಭಾರತದ ತಾಯಿಯ ವಂಶದ ಜನರಿಗಾಗಿ 1879ರಲ್ಲಿ ಸಂಘ ಕಟ್ಟಿದರು. ಆ ಜನರ ಪಾಡು ಅತ್ತ ದರಿ ಇತ್ತ ಪುಲಿ. ಕಂಪನಿ ಸರ್ಕಾರ ದೊಡ್ಡ ಹುದ್ದೆಗಳ ಬಾಗಿಲನ್ನು ಅವರ ಅಜ್ಜಂದಿರ ಕಾಲಕ್ಕೇ ಮುಚ್ಚಿತ್ತು. ಉಳಿದದ್ದು ರೈಲ್ವೆ, ತಂತಿ ಇಲಾಖೆ, ಗುಮಾಸ್ತಗಿರಿ. ಇಂಗ್ಲಿಷ್ ಕಲಿತ ಭಾರತೀಯರು ಬಂದ ಮೇಲೆ ಗುಮಾಸ್ತಗಿರಿಯೂ ಕೈತಪ್ಪತೊಡಗಿತು. ಸರ್ಕಾರದ ಕುರ್ಚಿ ನಂಬಿದರೆ ನಮ್ಮವರು ಉಳಿಯುವುದಿಲ್ಲ, ಮಣ್ಣು ನಂಬಬೇಕು ಎಂಬುದು ವೈಟ್ ಅವರ ಯೋಜನೆಯ ತಿರುಳು. ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟುವುದು ಇಲ್ಲೇ. ಮನವಿ ಪತ್ರ ಬರೆದು ಕೈಕಟ್ಟಿ ಕೂರದೆ, ಭೂಮಿ ಕೊಡಿ, ದುಡಿಯುತ್ತೇವೆ ಎಂದರು.

ಕೊಟ್ಟವರ ದೊಡ್ಡತನ ಇನ್ನೂ ಹೆಚ್ಚು. ಮೈಸೂರಿನ ಚಾಮರಾಜೇಂದ್ರ ಒಡೆಯರ ಕೈಗೆ ಆಡಳಿತ ಬಂದದ್ದು 1881ರಲ್ಲಿ, ಹದಿನೆಂಟರ ಪ್ರಾಯದಲ್ಲಿ. ಧಾತು–ಈಶ್ವರ ಸಂವತ್ಸರಗಳ ಬರ ಮುಗಿದು ಮೂರೇ ವರ್ಷ ಆಗಿತ್ತು. ಸಂಸ್ಥಾನದ ಸುಮಾರು ಹತ್ತು ಲಕ್ಷ ಜನರನ್ನು ಆ ಬರ ನುಂಗಿತ್ತು. ಬ್ರಿಟಿಷರು ರಾಜ್ಯ ಹಿಂತಿರುಗಿಸಿದಾಗ ಜೊತೆಗೇ ಬಂದದ್ದು ಬರದ ಲೆಕ್ಕದ 80 ಲಕ್ಷ ರೂಪಾಯಿ ಸಾಲ. ದಿವಾನ್ ರಂಗಾಚಾರ್ಲು ಕಾಸು ಕಾಸಿಗೂ ಲೆಕ್ಕ ಹಾಕುತ್ತಿದ್ದ ಆ ದಿನಗಳಲ್ಲೇ, ಪರಕೀಯರೆಂದು ಕಾಣಬಹುದಾಗಿದ್ದ ಒಂದು ಸಣ್ಣ ಸಮುದಾಯಕ್ಕೆ ಮೈಸೂರು 3,900 ಎಕರೆ ಕೊಟ್ಟಿತು. ವೈಟ್ ಅವರ ಹೆಸರೇ ಊರಿಗಾಯಿತು. ಪಕ್ಕದಲ್ಲಿ ಸಾಸ್ಮಂಡ್ ಎಂಬ ಇನ್ನೊಂದು ವಸತಿಯೂ ಹುಟ್ಟಿತು. ಇಂದು ಆ ಹೆಸರು ಹೇಳಿದರೆ ದಾರಿ ತೋರಿಸುವವರು ಅಪರೂಪ. 1886ರಲ್ಲಿ ಮೆಮೋರಿಯಲ್ ಚರ್ಚ್ ಎದ್ದಿತು. 1889ರಲ್ಲಿ ವೈಟ್ ತೀರಿಕೊಂಡರು.

ವೈಟ್‌ಫೀಲ್ಡಿನ ಇತಿಹಾಸ ಎಂದ ಕೂಡಲೇ ಜೇಮ್ಸ್ ಹ್ಯಾಮಿಲ್ಟನ್ನರ ವೇವರ್ಲಿ ಇನ್, ಅಲ್ಲಿಗೆ ದಂಡಿನಿಂದ ಬರುತ್ತಿದ್ದ ಯುವಕ ಚರ್ಚಿಲ್, ಹ್ಯಾಮಿಲ್ಟನ್ನರ ಮಗಳ ಜೊತೆಗಿನ ಪ್ರೇಮ – ಇದನ್ನೇ ಹೇಳುತ್ತಾರೆ. ಚರ್ಚಿಲ್ 1896ರಲ್ಲಿ ಬೆಂಗಳೂರಿಗೆ ಬಂದದ್ದು ನಿಜ. ಪ್ರೇಮಕಥೆಗೆ ಗಟ್ಟಿ ಪುರಾವೆ ಯಾರೂ ಕೊಟ್ಟಿಲ್ಲ. ಊರು ಯಾಕೆ ಹುಟ್ಟಿತು ಎಂಬ ದೊಡ್ಡ ಸಂಗತಿ ಆ ಗಾಳಿಮಾತಿನ ಅಡಿಯಲ್ಲಿ ಹೂತುಹೋಗಿದೆ ಎಂಬುದು ನನ್ನ ಸಂಕಟ.

ಬೇಸಾಯ ಏನಾಯಿತು? ಅಂದುಕೊಂಡಷ್ಟು ಕುಟುಂಬಗಳು ಬರಲೇ ಇಲ್ಲ. ಇಪ್ಪತ್ತನೇ ಶತಮಾನ ಕಾಲಿಟ್ಟಾಗಲೂ ಮನೆಗಳ ಲೆಕ್ಕ ನೂರು ಮುಟ್ಟಿರಲಿಲ್ಲ. ಇದು ಕೆಮ್ಮಣ್ಣಿನ ಸೀಮೆ. ರಾಗಿ, ಹುರುಳಿ, ಅವರೆಯ ಮಣ್ಣು. ಯಾವ ಮಳೆಗೆ ಬಿತ್ತಬೇಕು, ಕುಂಟೆ ಯಾವಾಗ ಹೊಡೆಯಬೇಕು ಎಂಬುದು ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಹಗದೂರಿನ ಒಕ್ಕಲಿಗೆ ರಕ್ತಗತ. ತಂತಿ ಕಚೇರಿಯಲ್ಲಿ ಬೆರಳು ಬಡಿದವರಿಗೆ ಅದು ಎಲ್ಲಿಂದ ಬರಬೇಕು? ಭೂಮಿ ಸಿಕ್ಕಿತು, ಭೂಮಿಯ ವಿದ್ಯೆ ಸಿಗಲಿಲ್ಲ. ನೀರಂತೂ ಈ ಸೀಮೆಯಲ್ಲಿ ಕೇಳಿದಾಗ ಸಿಗುವ ವಸ್ತುವಲ್ಲ. ಅದನ್ನು ಚೆನ್ನಾಗಿ ಬಲ್ಲವರು ಇಲ್ಲಿನ ಹಿರಿಯರು. ಕಾಡುಗೋಡಿಯಲ್ಲಿ ಚೋಳರ ಕಾಲದ, ಹನ್ನೊಂದನೇ ಶತಮಾನದ ಶಾಸನ ಇದೆ. ಗಾವುಂಡನೊಬ್ಬ ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿದ್ದನ್ನು, ತೂಬು ಇರಿಸಿದ್ದನ್ನು ಅದು ಹೇಳುತ್ತದೆ. ಈ ಸೀಮೆಯಲ್ಲಿ ಬಡತನ ನೀಗುವ ಮೊದಲ ಯೋಜನೆ ಯಾವುದು ಎಂದರೆ ನಾನು ಆ ಕೆರೆಯನ್ನು ತೋರಿಸುತ್ತೇನೆ.

ಮುಂದಿನ ದಶಕಗಳದ್ದು ನಿಧಾನದ ಕಥೆ. ಹೊಲಗಳು ತೋಟಗಳಾದವು, ತೋಟಗಳು ನಿವೃತ್ತರ ಮನೆಗಳಾದವು. 1933ರಲ್ಲಿ ಇಂದಿನ ಜಾರ್ಖಂಡಿನ ಮೆಕ್‌ಲಸ್ಕಿಗಂಜ್‌ನಲ್ಲಿ ಈ ಸಮುದಾಯದ ಇದೇ ಆಸೆ ಇನ್ನೊಮ್ಮೆ ಚಿಗುರಿತು. ಸ್ವಾತಂತ್ರ್ಯ ಬಂದ ಮೇಲೆ ಎರಡೂ ಕಡೆಯಿಂದ ಜನ ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾ ಎಂದು ಹೊರಟರು.

1990ರ ದಶಕದಲ್ಲಿ ಅವಕಾಶ ಎಂಬ ಮಾತು ಎರಡನೇ ಸಲ ಈ ನೆಲಕ್ಕೆ ಬಂತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ರಫ್ತು ಉದ್ಯಮಗಳ ವಲಯ ಮಾಡಿತು. ಕರ್ನಾಟಕ ಸರ್ಕಾರ, ಟಾಟಾ, ಸಿಂಗಪುರದ ಕಂಪನಿಗಳು ಸೇರಿ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕು ಎಬ್ಬಿಸಿದವು. 69 ಎಕರೆಯ ಆ ಒಂದು ಆವರಣ ಮಾಡಿದ್ದನ್ನು 3,900 ಎಕರೆ ನೂರು ವರ್ಷದಲ್ಲಿ ಮಾಡಿರಲಿಲ್ಲ. ದೇಶದ ಎಷ್ಟೋ ಮಧ್ಯಮ ವರ್ಗದ ಮನೆಗಳು ಇಲ್ಲಿನ ಸಂಬಳದಿಂದ ಎದ್ದು ನಿಂತವು. ಇದನ್ನು ಅಲ್ಲಗಳೆಯುವುದು ತಪ್ಪಾಗುತ್ತದೆ.

ಆದರೆ ರಾಗಿ ಹೊಲ ಕೊಟ್ಟವರು? ಅಂದು ವಸತಿಗೆ ಬಂದವರಿಗೆ ಭೂಮಿಯಿತ್ತು, ಭೂಮಿಯ ವಿದ್ಯೆ ಇರಲಿಲ್ಲ. ಇಂದು ಹಳ್ಳಿಯವರ ಹೊಲಕ್ಕೆ ಕೆಲಸ ಬಂತು, ಆ ಕೆಲಸದ ವಿದ್ಯೆ ಅವರ ಮಕ್ಕಳ ಬಳಿ ಇರಲಿಲ್ಲ. ಪರಿಹಾರದ ದುಡ್ಡಲ್ಲಿ ಕೆಲವರು ಬಾಡಿಗೆ ಮನೆ ಕಟ್ಟಿ ಗೆದ್ದರು. ಹಲವರ ದುಡ್ಡು ಮದುವೆ, ಕಾರು, ಕೋರ್ಟು ಎಂದು ಕರಗಿತು. ಗುತ್ತಿಗೆ ಬೇಸಾಯದವರಿಗೆ, ಕೂಲಿಯವರಿಗೆ ಪರಿಹಾರವೆಂಬುದೇ ಇರಲಿಲ್ಲ. ಸಾಲು ಹಿಡಿದು ಕಳೆ ಕೀಳುತ್ತಿದ್ದ ಕೈಗಳು ಹನ್ನೆರಡನೇ ಮಹಡಿಯ ನೆಲ ಒರೆಸಲು ಹೋದವು. ವರ್ತೂರು ಕೆರೆಯ ನೀರು ನೊರೆಯಾಯಿತು. ಕೊಳವೆಬಾವಿ ಬತ್ತಿ ಟ್ಯಾಂಕರ್ ಬಂತು. ನಗರದ ಅಂಚಿನ 110 ಹಳ್ಳಿಗಳಿಗೆಂದು ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಕಂಪನಿಗಳು ಬಂದು ಕಾಲು ಶತಮಾನ ಕಳೆದ ಮೇಲೆ.

ಇದನ್ನೆಲ್ಲ ಆ ಹುಡುಗನಿಗೆ ಆಗುವಷ್ಟು ಹೇಳಿದೆ. ಕೇಳಿಸಿಕೊಂಡು, ‘ಹಂಗಾರ ನಮ್ಮಂಥೋರಿಗೇ ಮಾಡಿದ ಊರ ಬಿಡ್ರಿ ಇದು’ ಎಂದ. ಅವನ ಊರಲ್ಲಿ ಎರಡು ಎಕರೆ ಇದೆಯಂತೆ. ಕಾಲುವೆಯ ಕೊನೆ ಭಾಗ, ನೀರು ಮುಟ್ಟುವುದಿಲ್ಲ.

2023ರಿಂದ ಇಲ್ಲಿಗೆ ಮೆಟ್ರೊ ಬರುತ್ತದೆ. ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ಕಾಡುಗೋಡಿ, ಚನ್ನಸಂದ್ರದ ಹೆಸರುಗಳು ನಿಲ್ದಾಣಗಳ ಮೇಲೆ ಉಳಿದಿವೆ, ಸಂತೋಷ. ಮೆಟ್ರೊ ನಿಗಮದವರಲ್ಲಿ, ಇಲ್ಲಿನ ಕಂಪನಿಗಳವರಲ್ಲಿ ನನ್ನದು ಎರಡು ಕೋರಿಕೆ. ಆ ನಿಲ್ದಾಣಗಳ ಗೋಡೆಯ ಮೇಲೆ ಶಾಸನದ ಕೆರೆಯ ಕಥೆಯನ್ನೂ 1882ರ ಕಥೆಯನ್ನೂ ದಪ್ಪ ಅಕ್ಷರದ ಕನ್ನಡದಲ್ಲಿ ಬರೆಸಿ. ಈ ನಾಲ್ಕು ಹಳ್ಳಿಗಳ ಸರ್ಕಾರಿ ಶಾಲೆಯ ಮಕ್ಕಳಿಗೆ, ಗೇಟು ಕಾಯಲು ಬಂದವರ ಮಕ್ಕಳಿಗೆ, ಗೇಟಿನ ಒಳಗಿನ ಕೆಲಸ ಕಲಿಸಿ.