ಆಡುಸೋಗೆ: ಕೆಮ್ಮಿನ ಮದ್ದು ಯಾರಿಗೆ ಬೇಡ?

ಮಾಟುಂಗದ ಒಂದೇ ಕಟ್ಟಡದಲ್ಲಿ ಈ ಗಿಡಕ್ಕೆ ಮೂರು ಹೆಸರು ಕೇಳಬಹುದು: ಕನ್ನಡದವರಿಗೆ ಆಡುಸೋಗೆ, ತಮಿಳರಿಗೆ ಆಡಾತೊಡೈ, ಮರಾಠಿಯವರಿಗೆ ಅಡುಳಸಾ. ಕೆಮ್ಮಿನ ಸಿರಪ್‌ ಬಾಟಲಿಯ ಮೇಲೆ ‘ವಾಸಾ’ ಅಥವಾ ‘ವಾಸಕ’ ಎಂದಿದ್ದರೆ ಅದೂ ಇದೇ. ಉದ್ದ ಎಲೆ, ಬಿಳಿ ಹೂವು, ಬಾಯಿಗಿಡಲಾಗದಷ್ಟು ಕಹಿ. ‘ಆಡುಮುಟ್ಟದ ಬಳ್ಳಿ’ ಮಾತ್ರ ಬೇರೆ ಸಸ್ಯ. ಅದನ್ನೂ ಉಬ್ಬಸಕ್ಕೆ ಬಳಸುವುದುಂಟು, ಆದರೆ ವಾಂತಿ ತರಿಸುತ್ತದೆ. ಊರಿನಿಂದ ಯಾರಾದರೂ ಸೊಪ್ಪು ತಂದುಕೊಟ್ಟರೆ ಅದು ಪೊದೆಯದೋ ಬಳ್ಳಿಯದೋ ಕೇಳಿಕೊಳ್ಳಿ.

ಎಲೆಯ ರಸಕ್ಕೆ ಜೇನು ಬೆರೆಸಿ ಕೊಡುವುದು, ಶುಂಠಿ, ಕಾಳುಮೆಣಸು ಹಾಕಿ ಕಷಾಯ ಮಾಡುವುದು ಹಳೆಯ ರೂಢಿ. ಇದು ಬರೀ ನಂಬಿಕೆಯಲ್ಲ. ಎಲೆಯಲ್ಲಿರುವ ವಾಸಿಸಿನ್ ಎಂಬ ರಾಸಾಯನಿಕಕ್ಕೆ ಶ್ವಾಸನಾಳವನ್ನು ಸಡಿಲಿಸುವ ಗುಣವಿರುವುದು ಪ್ರಯೋಗಾಲಯದ ಅಧ್ಯಯನಗಳಲ್ಲಿ ಕಂಡುಬಂದಿದೆ. ಕಫ ತೆಳುವಾಗಿಸಲು ವೈದ್ಯರು ಬರೆದುಕೊಡುವ ಬ್ರೋಮ್‌ಹೆಕ್ಸಿನ್ ರೂಪುಗೊಂಡಿದ್ದು ಇದರಿಂದಲೇ. ಆಂಬ್ರಾಕ್ಸಾಲ್ ಅದರ ಮುಂದಿನ ರೂಪ. ವ್ಯತ್ಯಾಸವೆಂದರೆ, ಮಾತ್ರೆಯಲ್ಲಿ ಪ್ರಮಾಣ ನಿಗದಿಯಾಗಿರುತ್ತದೆ. ಎಲೆಯಲ್ಲಿ ಅದು ಗಿಡದಿಂದ ಗಿಡಕ್ಕೆ ಬದಲಾಗುತ್ತದೆ.

ಗರ್ಭಿಣಿಯರು ಇದನ್ನು ಸೇವಿಸಲೇಬಾರದು. ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ, ಗರ್ಭಪಾತದ ಅಪಾಯವಿದೆ. ‘ಗಿಡಮೂಲಿಕೆ ತಾನೇ’ ಎಂದು ಅತ್ತೆಯೋ ನೆರೆಯವರೋ ಕೊಟ್ಟರೂ ಬೇಡವೆನ್ನಿ. ಮಗುವಿಗಾಗಿ ಪ್ರಯತ್ನಿಸುತ್ತಿರುವವರೂ ದೂರವಿಡುವುದು ಒಳ್ಳೆಯದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡುವಂತಿಲ್ಲ, ಹಾಗಾಗಿ ಜೇನು ಬೆರೆಸಿದ ರಸವೂ ಬೇಡ. ಸಿರಪ್‌ಗಳಲ್ಲಿ ಸಕ್ಕರೆ ಹೆಚ್ಚಿರಬಹುದು. ಮಧುಮೇಹಿಗಳು ಲೇಬಲ್ ಓದಿ ಕೊಳ್ಳಬೇಕು.

ಇನ್ನೊಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಫದಲ್ಲಿ ರಕ್ತ ಕಂಡಾಗಲೂ ಆಡುಸೋಗೆ ಕೊಡುವ ಪದ್ಧತಿ ಆಯುರ್ವೇದದಲ್ಲಿ ಹಿಂದಿನಿಂದ ಇದೆ. ಆದರೆ ಅದು ಕ್ಷಯರೋಗದ ಲಕ್ಷಣವೂ ಹೌದು. ಕಷಾಯದಿಂದ ಕೆಮ್ಮು ಒಂದಿಷ್ಟು ತಗ್ಗಿದರೆ ಮನೆಯವರು ಸಮಾಧಾನಪಡುತ್ತಾರೆ. ಒಳಗೆ ರೋಗ ಬೆಳೆಯುತ್ತಿರುತ್ತದೆ, ಮನೆಮಂದಿಗೂ ಹರಡುತ್ತದೆ. ಕಿಕ್ಕಿರಿದ ಮುಂಬಯಿಯಲ್ಲಿ ಇದು ದೂರದ ಮಾತಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಮಾಡಿಸಿ. ರಕ್ತ ಬಿದ್ದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ಸರ್ಕಾರಿ ಮತ್ತು ಪಾಲಿಕೆಯ ಕೇಂದ್ರಗಳಲ್ಲಿ ಕ್ಷಯದ ಪರೀಕ್ಷೆ, ಔಷಧ ಎರಡೂ ಉಚಿತ. ಹೋಗುವಾಗ ಮನೆಯಲ್ಲಿ ಕುಡಿಯುತ್ತಿರುವ ಸಿರಪ್ ಬಾಟಲಿಯನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ.